ಮಗ್ಗವಾದ ಬಾಗಿಲು, ಮರಳದ ಕುರ್ಚಿ

ಹಳ್ಳದ ನೀರು ನಮ್ಮ ಊರೊಳಗೆ ಇದ್ದದ್ದು ಒಂದು ಮಧ್ಯಾಹ್ನ. ಅದರ ಬೆನ್ನಿಗೆ ಬಂದ ಸರ್ಕಾರ ಸಂಕ್ರಾಂತಿ ಕಳೆಯುವವರೆಗೂ ಇತ್ತು. ನೀರು ನನ್ನಿಂದ ಒಯ್ದದ್ದು ಒಂದು ಜೊತೆ ಚಪ್ಪಲಿ ಮತ್ತು ಮನೆಗೆ ತಂದಿಟ್ಟುಕೊಂಡಿದ್ದ ಎರಡನೆಯ ತರಗತಿಯ ಹಾಜರಿ ಪುಸ್ತಕ. ಸರ್ಕಾರ ಒಯ್ದದ್ದು ನನ್ನ ಕುರ್ಚಿ. ಚಪ್ಪಲಿಯ ಬಣ್ಣ ಯಾವುದೆಂದು ಇಂದು ಕೇಳಿದರೆ ಹೇಳಲಾರೆ. ಕುರ್ಚಿಯ ಎಡಗೈ ಮೇಲೆ ಶಾಯಿಯ ಎರಡು ಕಲೆಗಳಿದ್ದವು. ಹಿಂದಿನ ಬಲಗಾಲು ತುಸು ಗಿಡ್ಡವಾಗಿತ್ತು. ಅದರ ಕೆಳಗೆ ನಾನು ಮಡಚಿದ ರಟ್ಟಿನ ತುಂಡನ್ನು ಇಡುತ್ತಿದ್ದೆ. ಆ ರಟ್ಟು ಮಾತ್ರ ನನಗೆ ಉಳಿಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ರಾಯಚೂರು ಪೇಟೆಯಲ್ಲಿ ಹುಟ್ಟಿ ಬೆಳೆದ ನಾನು ದೇವದುರ್ಗ ತಾಲೂಕಿನಲ್ಲಿ, ಜಾಲಹಳ್ಳಿಗೆ ಬಸ್ಸಿನಲ್ಲಿ ಬಂದು ಅಲ್ಲಿಂದ ಮುಂದೆ ನಡೆದೇ ಹೋಗಬೇಕಾದ ಒಂದು ಊರಿನ ಶಾಲೆಗೆ ಒಬ್ಬಳೇ ಶಿಕ್ಷಕಿಯಾಗಿದ್ದೆ. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆಂದು ಯಾರೂ ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಅವರ ಮೊಮ್ಮಕ್ಕಳು ಒಳ್ಳೆಯವರಿರಬಹುದು ಎಂಬ ಒಂದೇ ಕಾರಣಕ್ಕೆ ಬಿಟ್ಟಿದ್ದೇನೆ.

ಶಾಲೆ ದಿಬ್ಬದ ಮೇಲಿತ್ತು. ದಿಬ್ಬದ ಬುಡದಲ್ಲಿ ಕುರಿ ಸಾಕಿ ಕಂಬಳಿ ನೇಯುವ ಒಂದು ಮನೆ. ಮನೆಯ ಯಜಮಾನಿ ಒಬ್ಬ ಮುದುಕಿ. ಊರಿಗೆಲ್ಲ ಆಕೆ ಅವ್ವ. ಆಕೆಯೂ ಸೊಸೆಯೂ ಉಣ್ಣೆ ನೂಲುತ್ತಿದ್ದರು. ಮಗ ಕುಣಿಮಗ್ಗದಲ್ಲಿ, ಎಂದರೆ ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂರುವ ಮಗ್ಗದಲ್ಲಿ, ನೇಯುತ್ತಿದ್ದ. ಆ ಮಗ್ಗದ ಸದ್ದು ದಿನವಿಡೀ ಶಾಲೆಗೆ ಕೇಳುತ್ತಿತ್ತು. ನಾನು ಹೇಳಿಕೊಡದಿದ್ದರೂ ನನ್ನ ಮಕ್ಕಳು ಎರಡೊಂದ್ಲೆ ಎರಡನ್ನು ಅದರ ಏಟಿಗೆ ಸರಿಯಾಗಿ ಹೇಳುತ್ತಿದ್ದರು. ಅವನು ಊಟಕ್ಕೆದ್ದರೆ ಇವರ ಮಗ್ಗಿಯೂ ತಪ್ಪುತ್ತಿತ್ತು.

ಆ ವರ್ಷ ಭಾದ್ರಪದ ಕಳೆಯುವ ಹೊತ್ತಿಗೆ ಮೇಲೆಲ್ಲೋ ಭಾರಿ ಮಳೆಯಾಗಿ ಹಳ್ಳ ಊರೊಳಗೆ ನುಗ್ಗಿತು. ಹಗಲಾದ್ದರಿಂದ ಜನ ಉಳಿದರು. ಮಕ್ಕಳನ್ನೂ ಕುರಿಗಳನ್ನೂ ದಿಬ್ಬಕ್ಕೆ ಹತ್ತಿಸುವಷ್ಟರಲ್ಲಿ ಅವ್ವನ ಮನೆಯ ಮುಂಗೋಡೆ ಬಾಗಿಲ ಸಮೇತ ಹೋಯಿತು. ಹಿಂದೆ ಉಳಿದ ಕುರಿಗಳು ಕೊಚ್ಚಿಹೋದವು. ಮಗ್ಗದ ಕಂಬ, ದಿಮ್ಮಿ, ಹಲಗೆಗಳು ತೇಲಿಹೋದವು. ಗುಂಡಿ ಕೆಸರಿನಿಂದ ತುಂಬಿ ನೆಲಕ್ಕೆ ಸಮವಾಯಿತು. ಅಟ್ಟದ ಮೇಲಿದ್ದ ಉಣ್ಣೆಯೊಂದೇ ನೆನೆಯದೆ ಉಳಿಯಿತು.

ಮೊದಲ ಮೂರು ದಿನಗಳ ಬಗ್ಗೆ ನನಗೆ ಯಾರ ಮೇಲೂ ದೂರಿಲ್ಲ. ಇಂಥ ಮಾತನ್ನು ನಾನು ಹೆಚ್ಚಾಗಿ ಬರೆಯುವವಳಲ್ಲ. ಶಾಲೆಯಲ್ಲಿ ಅರ್ಧ ಊರು ಮಲಗಿತು. ಜಾಲಹಳ್ಳಿಯ ಸಂತೆಯಲ್ಲಿ ಬಳೆ ಮಾರುವ ಮನೆಗಳವರು ಬಂಡಿಯಲ್ಲಿ ಒಣಗಿದ ಕಟಿ ರೊಟ್ಟಿಯನ್ನೂ ನಂಚಿಕೊಳ್ಳಲು ಶೇಂಗಾ ಹಿಂಡಿಯನ್ನೂ ತಂದು ಯಾರ ಹೆಸರನ್ನೂ ಕೇಳದೆ ಬಡಿಸಿದರು. ಬದುವಿನ ಜಗಳದಿಂದ ಎಷ್ಟೋ ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಪರಾತದಲ್ಲಿ ಕೈಯಿಟ್ಟರು. ನಾಲ್ಕನೆಯ ದಿನ ಪಟ್ಟಿ ಬಂತು. ಅಲ್ಲಿಯವರೆಗೆ ನೆರೆಹೊರೆಯಾಗಿದ್ದವರು ಅಂದಿನಿಂದ ಫಲಾನುಭವಿಗಳಾದರು. ಅಣ್ಣನ ಗೋಡೆ ಮೊದಲೇ ಬಿದ್ದಿತ್ತೆಂದು ತಮ್ಮ, ತಮ್ಮನ ಎಮ್ಮೆ ಮೊದಲೇ ಸತ್ತಿತ್ತೆಂದು ಅಣ್ಣ ಬಂದು ನನ್ನ ಕಿವಿಯಲ್ಲಿ ಹೇಳಿ ಹೋದರು.

ಪಟ್ಟಿಯೊಂದಿಗೆ ಜೀಪಿನಲ್ಲಿ ಬಂದ ಸಾಹೇಬರು ಎಲ್ಲಿಯವರೋ ತಿಳಿಯದು, ನಮ್ಮ ಸೀಮೆಯವರಂತೂ ಅಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ಮೇಷ್ಟ್ರು ಎಲ್ಲಿ ಹೋಗಿದ್ದಾರೆಂದು ಕೇಳಿದರು. ಮೇಷ್ಟ್ರು ನಾನೇ ಎಂದೆ. ಅವರು ನಕ್ಕು ನನ್ನ ಕುರ್ಚಿಯಲ್ಲಿ ಕುಳಿತರು. ನನ್ನ ಅಕ್ಷರ ದುಂಡಗಿದೆಯೆಂದು ತಿಳಿದ ಮೇಲೆ ಪಟ್ಟಿ ಬರೆಯುವ ಕೆಲಸ ನನಗೇ ಬಂತು. ಮೂರು ತಾಸು ನಿಂತು ಬರೆದೆ.

ಅವ್ವನ ಸರದಿ ಬಂದಾಗ ಸಾಹೇಬರು ಎಷ್ಟು ಕುರಿ ಸತ್ತವೆಂದು ಕೇಳಿದರು.

"ಉಳಿದಾವ್ರೀ," ಎಂದಳು ಅವ್ವ.

"ಉಳಿದದ್ದು ಬೇಡ ಅಜ್ಜಿ, ಹೋದದ್ದು ಹೇಳಿ."

"ಹೋದದ್ದನ್ನ ಬಾಯಿಲೆ ಎಣಿಸಿದ್ರ ಉಳಿದದ್ದೂ ಅದರ ಬೆನ್ನ ಹತ್ತಿ ಹೋಗ್ತದ್ರೀ. ನಾವು ಎಣಿಸಂಗಿಲ್ಲ."

ಆ ಮನೆಗಳ ಪದ್ಧತಿ ಅದು. ಹಿಂಡನ್ನು ಕಣ್ಣಿನಲ್ಲಿ ಅಳೆಯುತ್ತಾರೆ. ಸಂಖ್ಯೆಯನ್ನು ಬಾಯಿಗೆ ತರುವುದಿಲ್ಲ. ನಾನು ಸಾಹೇಬರಿಗೆ ವಿವರಿಸಹೋದೆ. ಅವರು ಸೊನ್ನೆ ಬರೆಯಿರಿ ಎಂದರು. ಕುರಿಗಳು ಕೊಚ್ಚಿಹೋದದ್ದನ್ನು ಕಣ್ಣಾರೆ ಕಂಡ ನಾನು ನನ್ನ ಕೈಯಾರೆ ಸೊನ್ನೆ ಸುತ್ತಿದೆ. ಆ ಸೊನ್ನೆಯೂ ದುಂಡಗೇ ಬಂತು.

ಅವ್ವನಿಗೆ ಅದರ ಚಿಂತೆಯಿರಲಿಲ್ಲ. ಆಕೆಗೆ ಬೇಕಾಗಿದ್ದದ್ದು ಒಂದೇ. "ಮಗ್ಗ ಹೋಗೇತಿ, ಅದನ್ನ ಬರ್ಕೊಳ್ರಿ," ಎಂದಳು. ಪಟ್ಟಿಯಲ್ಲಿ ಗೋಡೆಗೆ, ಬಾಗಿಲಿಗೆ, ದನಕರುಗಳಿಗೆ, ಪಾತ್ರೆಗಳಿಗೆ ಕಾಲಂ ಇತ್ತು, ಮಗ್ಗಕ್ಕೆ ಇರಲಿಲ್ಲ. ಕಡೆಯಲ್ಲಿ 'ಇತರೆ' ಎಂಬುದೊಂದು ಖಾಲಿಯಿದೆಯಲ್ಲ ಎಂದು ನಾನು ತೋರಿಸಿದೆ. ಅದು ಬಾವಿಗಳಿಗೆ ಎಂದರು. ಊರಿನಲ್ಲಿ ಬಾವಿಗೆ ಏನೂ ಆಗಿಲ್ಲವೆಂದೆ. ಹಾಗಾದರೆ ಅದು ಖಾಲಿಯೇ ಇರಲಿ ಎಂದರು. ಅವ್ವನ ಮನೆಯ ಹೆಸರಿನ ಮುಂದೆ ಗೋಡೆ ಒಂದು, ಬಾಗಿಲು ಒಂದು, ಕುರಿ ಸೊನ್ನೆ ಎಂದಾಯಿತು.

ಅಂದು ಸಂಜೆ ನಾಲ್ಕೂವರೆಗೆ ಸಾಹೇಬರು ಎದ್ದರು. ಮುಂದಿನ ಊರಿಗೆ ಯಾರೋ ದೊಡ್ಡವರು ಬರುವವರಿದ್ದಾರೆ, ಅಲ್ಲಿ ಕುರ್ಚಿ ಸಾಲದು, ನಾಳೆ ಕಳಿಸುತ್ತೇವೆ ಎಂದರು. ಒಂದು ಚೀಟಿ ಬರೆದುಕೊಡಿ ಎಂದು ಕೇಳಿದೆ. "ಒಂದು ಕುರ್ಚಿಗಾ?" ಎಂದು ಜೀಪಿನವನ ಕಡೆ ನೋಡಿ ನಕ್ಕರು. ಜೀಪಿನ ಹಿಂದೆ ಹಗ್ಗದಿಂದ ಬಿಗಿಸಿಕೊಂಡು, ನಾಲ್ಕೂ ಕಾಲುಗಳನ್ನು ಆಕಾಶಕ್ಕೆ ಎತ್ತಿ, ನನ್ನ ಕುರ್ಚಿ ಕೆಸರಿನ ದಾರಿಯಲ್ಲಿ ಹೋದದ್ದನ್ನು ನಾನೂ ಶಾಲೆಯ ಮಕ್ಕಳೆಲ್ಲರೂ ನಿಂತು ನೋಡಿದೆವು.

ದಸರೆಗೆ ಮೊದಲು ಲಾರಿಯಲ್ಲಿ ಹೊದಿಕೆಗಳು ಬಂದವು. ಕೆಂಪಗಿನ, ತೆಳ್ಳಗಿನ, ಗಿರಣಿಯ ಹೊದಿಕೆಗಳು. ಕಂಬಳಿ ನೇಯುವ ಮನೆಗೆ ಅಂಥವು ಎರಡು. ಹಂಚುವಾಗ ಒಂದು ಫೋಟೋ ತೆಗೆದರು. ಕೊಡುವವರ ಸಾಲಿನಲ್ಲೂ ಪಡೆಯುವವರ ಸಾಲಿನಲ್ಲೂ ನನಗೆ ಜಾಗವಿಲ್ಲವೆಂದು ಪಕ್ಕಕ್ಕೆ ಸರಿಸಿದರು. ಅವ್ವ ಹೊದಿಕೆಯನ್ನು ಬಿಸಿಲಿಗೆ ಹಿಡಿದು ಅದರಾಚೆಗೆ ನಿಂತಿದ್ದ ನನ್ನ ಮುಖವನ್ನು ನೋಡಿದಳು.

"ಇದನ್ನ ಮಾಡಿದವ್ರು ಕುರಿ ಮುಖಾನ ನೋಡಿಲ್ರೀ, ಅಕ್ಕೋರ," ಎಂದಳು. "ಇದನ್ನ ಹೊದ್ಕೊಂಡು ಚಳಿ ಬೆಚ್ಚಗ ಮಲಗ್ತದ, ನಾವಲ್ಲ."

ಮಗ ಅಂಚಿನಿಂದ ಒಂದು ಎಳೆಯನ್ನು ಎಳೆದ. ಅದು ಬರುತ್ತಲೇ ಹೋಯಿತು. ಹೊದಿಕೆ ಪೂರ್ತಿ ಬಿಚ್ಚಿಹೋದೀತೆಂಬ ಭಯದಿಂದ ಅವನೇ ಗಂಟು ಹಾಕಿ ನಿಲ್ಲಿಸಿದ.

ನಕ್ಕೆವಾದರೂ ಆ ಮನೆಯ ಮುಂದಿದ್ದ ಪ್ರಶ್ನೆ ಎಲ್ಲರಿಗೂ ಗೊತ್ತಿತ್ತು. ಸುತ್ತಲಿನ ಊರುಗಳ ಕುರಿಗಾರರು ಕಂಬಳಿಗೆ ಹೇಳುವುದು ಚಳಿ ಹಿಡಿಯುವ ಮುಂಚೆ. ದೀಪಾವಳಿಗೆ ಮಗ್ಗ ನಿಲ್ಲದಿದ್ದರೆ ಆ ವರ್ಷದ ನೇಯ್ಗೆ ಹೋದಂತೆ. ಆಗ ಹೆಂಡತಿಯನ್ನೂ ನನ್ನ ಶಾಲೆಗೆ ಬರುತ್ತಿದ್ದ ಮೂರು ಮಕ್ಕಳನ್ನೂ ಕರೆದುಕೊಂಡು ರಾಯಚೂರಿನ ಹತ್ತಿ ಗಿರಣಿಗೆ ಕೂಲಿಗೆ ಹೋಗುವುದೆಂದು ಮಗ ನಿಶ್ಚಯಿಸಿದ್ದ. ಒಮ್ಮೆ ಹೋದವರು ಮಗ್ಗಕ್ಕೆ ಮರಳುವುದಿಲ್ಲವೆಂದು ಅವ್ವನಿಗೆ ತಿಳಿದಿತ್ತು. ಗುಂಡಿಯ ಕೆಸರನ್ನು ಅವನೇ ತೆಗೆದು, ಮುಂಗೋಡೆಯನ್ನೂ ಎಬ್ಬಿಸಿದ್ದ. ಆದರೆ ನಮ್ಮದು ಜಾಲಿ ಬಿಟ್ಟರೆ ಬೇರೆ ಮರವಿಲ್ಲದ ಸೀಮೆ. ಜಾಲಿಯ ಕೊಂಕಿಗೆ ಮಗ್ಗ ಕೂರದು. ಅತ್ತೆ ಸೊಸೆ ನೂಲುತ್ತಲೇ ಇದ್ದರು. ನೂಲಿನ ಉಂಡೆಗಳು ಗೋಡೆಯ ಪಕ್ಕದಲ್ಲಿ ಏರುತ್ತಿದ್ದವು.

ದಸರೆಯಾದ ವಾರಕ್ಕೆ ಬಾಗಿಲುಗಳು ಬಂದವು. ಬಿದ್ದ ಮನೆಗಳಿಗೆ ಚೌಕಟ್ಟು ಸಮೇತ ಒಂದೊಂದು ಬಾಗಿಲು. ಮಾಡಿದವನು ಮಾನ್ವಿಯ ಒಬ್ಬ ಬಡಗಿ. ಮನೆಯಲ್ಲಿ ದಖನಿ ಉರ್ದು ಮಾತಾಡುವ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ, ನಡುವಯಸ್ಸಿನ ಆ ಮನುಷ್ಯ ತಾನೇ ಬಂಡಿ ಕಟ್ಟಿಕೊಂಡು ಬಂದಿದ್ದ. ನಾನು ನೂರು ತಪ್ಪು ಹುಡುಕಲು ಸಿದ್ಧಳಾಗಿ ಬಾಗಿಲನ್ನು ತಟ್ಟಿ ನೋಡಿದೆ. ಒಂದೂ ಸಿಗಲಿಲ್ಲ. ಗಟ್ಟಿ ಮರ, ನೇರ ಎಳೆ, ಚೊಕ್ಕ ಕೆಲಸ. ಆ ವರ್ಷ ಸರ್ಕಾರದ ಹೆಸರಿನಲ್ಲಿ ಬಂದ ವಸ್ತುಗಳಲ್ಲಿ ನಾನು ಮೆಚ್ಚಿದ್ದು ಅದೊಂದೇ.

ಅವ್ವ ಬಾಗಿಲಿನ ಮೇಲೆ ಬಹಳ ಹೊತ್ತು ಕೈಯಾಡಿಸಿದಳು. ಆಮೇಲೆ ಮೊಳ ಹಾಕಿದಳು. "ಸಾಬ್ರ, ಇದನ್ನ ಬಿಚ್ಚಿದ್ರ ಮಗ್ಗಕ್ಕ ಸಾಲ್ತದೇನು?"

ಬಡಗಿ ನನ್ನ ಕಡೆ ನೋಡಿ, ಅವ್ವನ ಕಡೆ ತಿರುಗಿದ. "ಅಮ್ಮಾ, ಮೂರು ದಿನ ಕುಂತು ಕೂಡ್ಸೀನಿ ನಾನು. ಇಳಿಸೋಕ್ಕಿಂತ ಮುಂಚೆ ಬಿಚ್ಚು ಅಂತೀರಿ. ಬಾಗಿಲಾ ಇಲ್ದಿದ್ ಮನ್ಯಾಗ ಕಳ್ಳ ಬರ್ತಾನ."

"ಬರ್ಲಿ. ಎರಡು ಕೆಂಪು ಹೊದಿಕಿ ಅದಾವ, ಒಯ್ಯಲಿ."

ಆತ ನಗುತ್ತ ಬಂಡಿಯ ಎತ್ತುಗಳನ್ನು ಬಿಟ್ಟ. ಎರಡು ದಿನ ಅಲ್ಲಿಯೇ ಉಳಿದು, ಅವ್ವನ ಮನೆಯ ರೊಟ್ಟಿ ತಿಂದು, ತಾನೇ ಬಡಿದ ಮೊಳೆಗಳನ್ನು ತಾನೇ ಕಿತ್ತ. ಚೌಕಟ್ಟಿನ ನಿಲುವುಗಳು ಮಗ್ಗದ ಕಂಬಗಳಾದವು. ಹೊಸ್ತಿಲು, ನೇಯ್ದ ಕಂಬಳಿ ಸುತ್ತುವ ದಿಮ್ಮಿಯಾಯಿತು. ಬಾಗಿಲ ಹಲಗೆಗಳಿಂದ ಹೊಕ್ಕಿನ ಎಳೆಯನ್ನು ಬಡಿದು ಕೂರಿಸುವ ಹಲಗೆ, ಲಾಳಿ ಮತ್ತೆಲ್ಲವೂ ಆದವು. ಉಳಿದ ತುಂಡುಗಳಿಂದ, ಯಾರೂ ಕೇಳದೆಯೇ, ಒಂದು ಸ್ಟೂಲು ಮಾಡಿ ದಿಬ್ಬ ಹತ್ತಿ ಬಂದು ನನ್ನ ಮೇಜಿನ ಹಿಂದೆ ಇಟ್ಟ. ನಾನು ನಿಂತೇ ಪಾಠ ಹೇಳುವುದನ್ನು ಎರಡು ದಿನ ಕೆಳಗಿನಿಂದ ನೋಡಿದ್ದನಂತೆ. ಸ್ಟೂಲನ್ನು ಅಂದೇ ಶಾಲೆಯ ಸಾಮಾನುಗಳ ಪುಸ್ತಕಕ್ಕೆ ಏರಿಸಿದೆ. ಅವ್ವ ಬಾಗಿಲ ತೆರವಿಗೆ ಹಳೆಯದೊಂದು ಕರಿ ಕಂಬಳಿಯನ್ನು ಮಡಿಕೆ ಹಾಕಿ ಇಳಿಬಿಟ್ಟಳು. ದೀಪಾವಳಿಗೆ ಎರಡು ದಿನ ಮೊದಲು ಕೆಳಗಿನಿಂದ ಮತ್ತೆ ಆ ಸದ್ದು ಬಂತು. ಮಕ್ಕಳು ಯಾರೂ ಹೇಳದೆಯೇ ಎರಡೊಂದ್ಲೆ ಎರಡು ಎಂದರು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದಿದ್ದುದಕ್ಕೆ ಕಾರಣ ನಾನು.

ಬಾಗಿಲುಗಳನ್ನು ಕೂರಿಸಲಾಗಿದೆಯೆಂದು ಪ್ರತಿ ಮನೆಯನ್ನೂ ಕಂಡು ಬರೆದುಕೊಡುವಂತೆ ನನಗೆ ಹೇಳಿಕಳಿಸಿದರು. ಬೇರೆ ಯಾರಾದರೂ ಎಲ್ಲ ಸಾಲುಗಳ ಮುಂದೆ 'ಹೌದು' ಎಂದು ಬರೆದು ಕೈ ತೊಳೆಯುತ್ತಿದ್ದರು. ನನ್ನ ಕೈಯಿಂದ ಹಿಂದೆ ಒಂದು ಸುಳ್ಳು ಸೊನ್ನೆ ಬರೆಸಿದ್ದರು. ಇನ್ನೊಂದು ಸುಳ್ಳು ಬರೆಯಲಾರೆನೆಂಬ ಹಟ ನನಗೆ. ಅವ್ವನ ಸಾಲಿನಲ್ಲಿ, "ಬಾಗಿಲಿನ ಮರದಿಂದ ಕಂಬಳಿ ಮಗ್ಗ ಮಾಡಿಕೊಂಡಿದ್ದಾರೆ, ಮಗ್ಗ ಚೆನ್ನಾಗಿ ನಡೆಯುತ್ತಿದೆ" ಎಂದು ದುಂಡಗೆ ಬರೆದು ಕಳಿಸಿದೆ. ಓದಿದವರು ಸಂತೋಷಪಡುವರೆಂದು ನಿಜವಾಗಿಯೂ ಭಾವಿಸಿದ್ದೆ.

ಕುರ್ಚಿಯನ್ನು ಕೇಳಿ ನಾನು ಬರೆದಿದ್ದ ಐದು ಪತ್ರಗಳಿಗೆ ಉತ್ತರ ಬಂದಿರಲಿಲ್ಲ. ಇದಕ್ಕೆ ಹದಿನೈದು ದಿನದಲ್ಲಿ ಬಂತು. ಪರಿಹಾರ ಸಾಮಗ್ರಿಯ ದುರುಪಯೋಗವಾಗಿದೆ. ತನಿಖೆ ಮಾಡಿ ಮರವನ್ನು ವಾಪಸು ಪಡೆಯಲಾಗುವುದು. ದುರುಪಯೋಗವನ್ನು ಕಂಡೂ ಸುಮ್ಮನಿದ್ದುದಕ್ಕೆ ಶಿಕ್ಷಕಿಯವರು ಸಮಜಾಯಿಷಿ ನೀಡತಕ್ಕದ್ದು. ನಾನು ಸುಮ್ಮನಿದ್ದೆನೆಂದು ನನ್ನ ಮೇಲೆ ಬಂದ ಆರೋಪ ಅದೊಂದೇ; ಅದಕ್ಕಿಂತ ಮೊದಲೂ ಇಲ್ಲ, ಆಮೇಲೂ ಇಲ್ಲ.

ಕಾಗದ ಹಿಡಿದು ದಿಬ್ಬ ಇಳಿದೆ. ಓದಿ ಹೇಳಿದೆ. ಮಗ ಲಾಳಿಯನ್ನು ನಿಲ್ಲಿಸಿ ಕೇಳಿದ. ಅರ್ಧ ನೇಯ್ದ ಕಂಬಳಿ ಮಗ್ಗದ ಮೇಲಿತ್ತು; ಮರ ಹೋದರೆ ಅದನ್ನು ಕತ್ತರಿಸಿ ತೆಗೆಯಬೇಕು. ಅವ್ವ ನೂಲುವ ಕದಿರನ್ನು ತಿರುಗಿಸುತ್ತಲೇ ಇದ್ದಳು.

"ಅಕ್ಕೋರ, ನೀವು ಹುಡುಗರಿಗೆ ಕಲಿಸಾಕ ಬಂದವ್ರು. ಸರ್ಕಾರಕ್ಕ ಯಾಕ ಕಲಿಸಾಕ ಹೋದ್ರಿ?"

ಆ ಮಾತನ್ನೂ ನಾನು ಮರೆತಿಲ್ಲ. ಆದರೆ ಅದನ್ನು ದೂರುಗಳ ಸಾಲಿನಲ್ಲಿಟ್ಟಿಲ್ಲ, ಬೇರೆ ಸಾಲಿನಲ್ಲಿ ಇಟ್ಟಿದ್ದೇನೆ.

ತನಿಖೆಯವರು ಬಂದದ್ದು ಪುಷ್ಯ ಮಾಸದ ಒಂದು ಬೆಳಿಗ್ಗೆ, ಬಯಲಿನ ಗಾಳಿ ಮೈ ಕೊರೆಯುವ ಹೊತ್ತಿಗೆ. ಸಣ್ಣ ಮೈಯ ವಯಸ್ಸಾದ ಅಧಿಕಾರಿ. ಕೈಯಲ್ಲಿ ಅಳತೆಯ ಟೇಪು, ಮೈಮೇಲೆ ಬರೀ ಅಂಗಿ. ದೂಳು ಬಿದ್ದ ಬೂಟುಗಳನ್ನು ಹೊರಗೆ ಬಿಚ್ಚಿ, ಜೋಡಿಸಿಟ್ಟು ಒಳಬಂದರು. ಅದನ್ನು ಕಂಡಾಗಲೇ ನನಗೆ ಅರ್ಧ ಭಯ ಹೋಯಿತು, ಅರ್ಧ ಹೆಚ್ಚಾಯಿತು. ಬೂಟು ಜೋಡಿಸಿಡುವವರು ಯಾವುದನ್ನೂ ಅರ್ಧಕ್ಕೆ ಬಿಡುವುದಿಲ್ಲವೆಂದು ನನ್ನಂತೆಯೇ ಇರುವವರನ್ನು ಕಂಡು ನಾನು ಬಲ್ಲೆ.

"ಬಾಗಿಲು ಎಲ್ಲಮ್ಮ?" ಎಂದು ಕೇಳಿದರು.

"ಒಳಗ ದುಡಿಯಾಕತ್ತದ್ರೀ," ಎಂದಳು ಅವ್ವ, ಕಂಬಳಿ ಹಾಸುತ್ತ. "ನೀವು ಕುಂದರ್ರಿ."

ಕಂಬಳಿ ಹಾಸಿ ಕೂರಿಸುವುದು ಆ ಜನರಲ್ಲಿ ದೊಡ್ಡ ಮರ್ಯಾದೆ. ಅಧಿಕಾರಿ ಆಮೇಲೆ ಕೂರುವೆನೆಂದು ಮಗ್ಗದ ಮುಂದೆ ಬಗ್ಗಿ ಒಂದೊಂದೇ ತುಂಡನ್ನು ಅಳೆದು ಬರೆದುಕೊಂಡರು; ಬಡಗಿಯ ಅಳತೆಯ ಪಟ್ಟಿ ಅವರ ಬಳಿಯಿತ್ತು. ಮಗ ಕುಣಿಯಲ್ಲಿ ಕುಳಿತೇ ಇದ್ದ, ಕೈ ಮಾತ್ರ ನಿಂತಿತ್ತು. ಎಲ್ಲ ಕೂಡಿಸಿ ನೋಡಿ, ಎರಡು ಗೇಣಷ್ಟು ಹಲಗೆಯೂ ನಾಲ್ಕು ತುಂಡುಗಳೂ ಕಡಿಮೆ ಬರುತ್ತವೆಂದರು.

ಅವ್ವ ನನ್ನ ಮುಖ ನೋಡಿ, ಬೇಡವೆಂಬಂತೆ ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದಳು.

"ಅವು ನನ್ನ ಬಳಿ ಇವೆ," ಎಂದೆ. "ಅದರ ಮೇಲೆ ಕುಳಿತು ಪಾಠ ಹೇಳುತ್ತೇನೆ."

ಅವರನ್ನು ದಿಬ್ಬಕ್ಕೆ ಕರೆದೊಯ್ದು ಸ್ಟೂಲನ್ನು ತೋರಿಸಿದೆ. ಸಾಮಾನುಗಳ ಪುಸ್ತಕದಲ್ಲಿ ಅದನ್ನು ಏರಿಸಿದ ಸಾಲನ್ನೂ ತೋರಿಸಿದೆ. ಸ್ಟೂಲನ್ನೂ ಅಳೆದರು. ಲೆಕ್ಕ ಸರಿಹೋಯಿತು. ಸರ್ಕಾರಿ ಶಾಲೆಗೆ ಕುರ್ಚಿ ಇರುವುದಿಲ್ಲವೇ ಎಂದು ಕೇಳಿದರು. ಆ ಪ್ರಶ್ನೆಗಾಗಿ ನಾನು ನಾಲ್ಕು ತಿಂಗಳಿಂದ ಕಾದಿದ್ದೆ. ವಾರ, ವೇಳೆ, ಜೀಪಿನ ಬಣ್ಣ, ಹಗ್ಗದ ಬಣ್ಣ, ಶಾಯಿಯ ಎರಡು ಕಲೆ, ಎಲ್ಲವನ್ನೂ ಹೇಳಿ ಐದು ಪತ್ರಗಳ ನಕಲನ್ನು ಮುಂದಿಟ್ಟೆ. ಐದನ್ನೂ ಅವರು ಪೂರ್ತಿ ಓದಿದರು. ನಗಲಿಲ್ಲ. ಆ ಗೌರವವನ್ನೂ ನಾನು ಬರೆದಿಟ್ಟುಕೊಂಡಿದ್ದೇನೆ.

ಮತ್ತೆ ಕೆಳಗಿಳಿದು ಅವ್ವ ಹಾಸಿದ ಕಂಬಳಿಯ ಮೇಲೆ ಕುಳಿತರು. ಬಾಗಿಲ ಜಾಗದಲ್ಲಿ ತೂಗುತ್ತಿದ್ದ ಕರಿ ಕಂಬಳಿಯ ಬಳಿಗೆ ಸರಿದು ಬೆಂಕಿಕಡ್ಡಿ ಗೀರಿ ಹಿಡಿದರು. ಹೊರಗೆ ಗಾಳಿ ಬಿರುಸಾಗಿತ್ತು. ಉರಿ ನೆಟ್ಟಗೆ ನಿಂತಿತು. ಇನ್ನೊಂದು ಕಡ್ಡಿಯನ್ನು ಕಂಬಳಿಯ ಇನ್ನೊಂದು ಅಂಚಿಗೆ ಹಿಡಿದರು. ಅದೂ ಅಲ್ಲಾಡಲಿಲ್ಲ. ಆಮೇಲೆ ತೊಡೆಯ ಮೇಲೆ ಕಾಗದವಿಟ್ಟುಕೊಂಡು ಬರೆದು, ನಾನು ಕೇಳದಿದ್ದರೂ ಓದಿ ಹೇಳಿದರು: ಬಾಗಿಲಿನ ಮರ ಪೂರ್ತಿಯಾಗಿ ಸಿಕ್ಕಿದೆ, ಯಾವ ಭಾಗವೂ ಮಾರಾಟವಾಗಿಲ್ಲ, ದ್ವಾರಕ್ಕೆ ಕಂಬಳಿಯಿದ್ದು ಗಾಳಿ ಒಳಬರದಿರುವುದನ್ನು ಖುದ್ದಾಗಿ ಪರೀಕ್ಷಿಸಲಾಗಿದೆ, ಬಾಗಿಲು ಬಳಕೆಯಲ್ಲಿದೆ, ವಾಪಸು ಪಡೆಯುವ ಅಗತ್ಯವಿಲ್ಲ.

ಓದು ಮುಗಿಯುವ ಮೊದಲೇ ಮಗನ ಕೈಯಲ್ಲಿ ಲಾಳಿ ಓಡತೊಡಗಿತ್ತು.

ಎದ್ದು ನಿಂತ ಅಧಿಕಾರಿ ಅಂಗಿಯ ತೋಳನ್ನು ಕೆಳಗೆಳೆದುಕೊಳ್ಳುತ್ತ, ತಮಗೂ ಒಂದು ಕಂಬಳಿ ಆಗಬಹುದೇ ಎಂದು ಕೇಳಿದರು. ಅವ್ವ ನೂಲಿನ ಉಂಡೆಗಳ ಕಡೆ ಕಣ್ಣಾಡಿಸಿದಳು. "ಆಗ್ತದ್ರೀ. ಆದ್ರ ಮೊದ್ಲ ಹೇಳಿದವ್ರು ಭಾಳ ಮಂದಿ ಅದಾರ, ಹೋಳಿ ಆದ ಮ್ಯಾಲೆ ಬರ್ರಿ. ಅಲ್ಲೀತನಕಾ ಚಳಿ ಆದ್ರ ಆ ಕೆಂಪು ಹೊದಿಕಿ ಒಯ್ರಿ." ಆಗ ಅವರು ನಕ್ಕರು. ಹೋಳಿಯಾದ ಮೇಲೆ ಬಂದು ತಮ್ಮ ಕಂಬಳಿಯನ್ನು ಒಯ್ದೂ ಒಯ್ದರು.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಮಾನ್ವಿ ತಾಲೂಕಿಗೆ ವರ್ಗವಾಯಿತು. ಆ ಮೂರು ಮಕ್ಕಳಲ್ಲಿ ದೊಡ್ಡವಳು ಅಷ್ಟರಲ್ಲಿ ನಾಲ್ಕನೆಯ ತರಗತಿ ಮುಗಿಸಿದ್ದಳು. ಹೊರಡುವ ದಿನ ಅವ್ವ ನನ್ನನ್ನು ಕಂಬಳಿ ಹಾಸಿ ಕೂರಿಸಿ, ಎದ್ದ ಮೇಲೆ ಅದನ್ನೇ ಮಡಚಿ ಕೈಗಿಟ್ಟಳು. ಆ ಬಾಗಿಲು ನೇಯ್ದ ಕಂಬಳಿ ಅದು. ರಾಯಚೂರಿನ ನನ್ನ ಮನೆಯಲ್ಲಿ ಈಗಲೂ ಇದೆ, ಎಳೆ ಎಳೆದರೆ ಬರುವುದಿಲ್ಲ. ಸ್ಟೂಲನ್ನು ಶಾಲೆಗೇ ಬಿಟ್ಟುಬಂದೆ. ಪುಸ್ತಕದಲ್ಲಿದ್ದ ವಸ್ತು ಅದು.

ನನ್ನ ಜಾಗಕ್ಕೆ ಬಂದ ಮಾಸ್ತರರಿಗೆ ಸಾಮಾನುಗಳನ್ನು ಒಪ್ಪಿಸುವಾಗ, ಕುರ್ಚಿಯ ಸಾಲು ಬಂತು. ಕಳೆದಿದೆ ಎಂದು ಬರೆಯಲು ಮನಸ್ಸಾಗಲಿಲ್ಲ. ನಾನು ಅದನ್ನು ಕಳೆದಿರಲಿಲ್ಲ. "ಪ್ರವಾಹ ಪರಿಹಾರದ ಕರ್ತವ್ಯದ ಮೇಲೆ ತೆರಳಿದೆ, ಇನ್ನೂ ಮರಳಿಲ್ಲ" ಎಂದು ಬರೆದು ಸಹಿ ಹಾಕಿದೆ. ಜೊತೆಗೆ, ಬಂದರೆ ಬೇಕಾಗುವುದೆಂದು, ಆ ರಟ್ಟಿನ ತುಂಡನ್ನೂ ಒಪ್ಪಿಸಿದೆ.